ಲೀಲಾಧರನ ಸ್ವಂತ ವಾಸದ ಮನೆ

ಬೇರೆಯವರ ಮನೆಯ ತೆರಿಗೆಯ ವಿಚಾರವನ್ನು ನಾಲ್ಕು ಜನರೆದುರು ಎತ್ತುವುದು ಮರ್ಯಾದೆಯಲ್ಲ ಎಂದು ಗೊತ್ತಿದ್ದೂ ಎತ್ತುತ್ತಿದ್ದೇನೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ನಡೆದದ್ದು ಒಂದೇ ದಿನದಲ್ಲಿ, ಆದರೆ ಹೇಳಿದವರು ಮೂವರು, ಒಬ್ಬೊಬ್ಬರದು ಒಂದೊಂದು ರೀತಿ. ಕಾನೂನು ತಿಳಿದವರಿಗೆ ಇದರಲ್ಲಿ ಏನಾದರೂ ತಪ್ಪು ಕಂಡರೆ ಅದು ಹೇಳುವವರ ತಪ್ಪೇ ಹೊರತು ಲೀಲಾಧರನದ್ದಲ್ಲ. ಅವನದ್ದು ಇದ್ದದ್ದು ಒಂದೇ ತಪ್ಪು. ಅವನು ನಿಜ ಬರೆದ.

ಲೀಲಾಧರ ಬಹರೈನಿನ ಸೆಗಯಾದಲ್ಲಿ ಒಂದು ಪರದೆ ಅಂಗಡಿಯ ಮಾಸ್ಟರ್. ಇಪ್ಪತ್ತನಾಲ್ಕು ವರ್ಷಗಳಿಂದ ಕಂಡವರ ಕಿಟಕಿಗಳಿಗೆ ಪರದೆ ಹೊಲಿಯುತ್ತ ಬಂದವನು. ಅವನದೇ ಆದ ಕಿಟಕಿಗಳೂ ಇದ್ದವು, ಲೆಕ್ಕಕ್ಕೆ ಹನ್ನೊಂದು. ಊರಿನ ನಗರಸಭೆಯ ಗಡಿಯೊಳಗೆ, ಕಡಲಿನ ಸದ್ದು ಕೇಳುವಷ್ಟು ಹತ್ತಿರ, ಆರು ವರ್ಷದ ಹಿಂದೆ ಕಟ್ಟಿಸಿದ ಮನೆ. ಗೃಹಪ್ರವೇಶ ಮುಗಿಸಿ, ಇಪ್ಪತ್ತೆರಡು ದಿನ ಇದ್ದು, ಬೀಗ ಹಾಕಿ, ಹೆಂಡತಿ ಜಯಶೀಲಾಳನ್ನು ಕರೆದುಕೊಂಡು ಬಹರೈನಿಗೆ ವಾಪಸು ಬಂದಿದ್ದ. ಈ ದೀಪಾವಳಿಗೆ ಇಲ್ಲಿಯದೆಲ್ಲ ಕಟ್ಟಿ ಊರಿಗೆ ಹೋಗಿಬಿಡುವುದೆಂದು ಗಂಡ ಹೆಂಡತಿ ನಿಶ್ಚಯ ಮಾಡಿದ್ದರು. ಟಿಕೆಟಿಗೂ ಸಾಮಾನು ಸಾಗಿಸುವುದಕ್ಕೂ ಎಂದು ನೂರ ಎಂಬತ್ತು ದಿನಾರ್ ಬಿಸ್ಕತ್ತಿನ ಡಬ್ಬಿಯಲ್ಲಿ ಕೂತಿತ್ತು.

ಅಲ್ಲಿಯ ತನಕ ಅವನು ಆ ಮನೆಯಲ್ಲಿ ತನ್ನದೇ ಒಂದು ರೀತಿಯಲ್ಲಿ ವಾಸ ಮಾಡುತ್ತಿದ್ದ. ಗಿರಾಕಿಗಳ ಕಿಟಕಿಯ ಮುಂದೆ ಟೇಪು ಹಿಡಿದು ನಿಂತಾಗಲೆಲ್ಲ ಕಣ್ಣು ಅರ್ಧ ಮುಚ್ಚಿಹೋಗುತ್ತಿತ್ತು. ಮನಸ್ಸಿನಲ್ಲಿ ತನ್ನ ಮನೆಯ ಮೊದಲನೆಯ ಕಿಟಕಿ ತೆರೆಯುತ್ತಿದ್ದ, ಪಕ್ಕದ ಹಿತ್ತಲಿನ ಬಿಂಬುಳಿ ಮರ ಕಾಣುತ್ತಿತ್ತು. ಎರಡನೆಯದು ತೆರೆದರೆ ಬಾವಿಕಟ್ಟೆ. ಮೂರನೆಯದಕ್ಕೆ ಬರುವಷ್ಟರಲ್ಲಿ "ಮಾಸ್ಟರ್, ಅಳತೆ ಆಯ್ತಾ?" ಎಂದು ಯಾರಾದರೂ ಕೇಳುತ್ತಿದ್ದರು. ಆರು ವರ್ಷದಲ್ಲಿ ನಾಲ್ಕನೆಯ ಕಿಟಕಿ ತೆರೆಯಲು ಅವನಿಗೆ ಪುರುಸೊತ್ತೇ ಆಗಿರಲಿಲ್ಲ.

ಕಳೆದ ಜುಲೈಯಲ್ಲಿ ರಜೆಗೆ ಹೋದಾಗ ನಗರಸಭೆಯವರು ತಿಂಗಳಿಗೆ ಐವತ್ತು ರೂಪಾಯಿಯ ಹಾಗೆ ಕಸದ ಶುಲ್ಕದ ಬಾಕಿ ತೋರಿಸಿದ್ದರು. ಜನವೇ ಇಲ್ಲದ ಮನೆಯಲ್ಲಿ ಕಸ ಎಲ್ಲಿಂದ? ಲೀಲಾಧರ ಗೆರೆಯಿಲ್ಲದ ಬಿಳಿ ಹಾಳೆ ತಂದು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಅರ್ಜಿ ಬರೆದ: "ನಾನು ಬಹರೈನಿನಲ್ಲಿರುವುದರಿಂದ ಸದರಿ ಮನೆಗೆ ಆರು ವರ್ಷಗಳಿಂದ ಬೀಗ ಹಾಕಿದ್ದು, ಅಲ್ಲಿ ಒಂದು ನರಪಿಳ್ಳೆಯೂ ವಾಸವಿರುವುದಿಲ್ಲ." ಅವರು ಓದಿ, ಮೊಹರು ಒತ್ತಿ, ಕಸದ ಶುಲ್ಕ ಮನ್ನಾ ಮಾಡಿದರು. ಮೂರು ಸಾವಿರದ ಆರುನೂರು ರೂಪಾಯಿ ಉಳಿಯಿತೆಂದು ಆ ದಿನ ಅವನು ಜಯಶೀಲಾಳಿಗೆ ಗಡ್‌ಬಡ್ ಐಸ್‌ಕ್ರೀಮ್ ತೆಗೆದುಕೊಟ್ಟಿದ್ದ. ಅರ್ಜಿ ಮಾತ್ರ ಫೈಲಿನೊಳಗೆ ಹೇಂಟೆಯ ಹಾಗೆ ಕಾವು ಕೂತಿತು.

ಮರಿ ಹೊರಬಿದ್ದದ್ದು ಒಂದು ಗುರುವಾರ ಬೆಳಿಗ್ಗೆ ಎಂಟೂವರೆಗೆ. ಹೊರಗೆ ದೂಳು ಕವಿದು ಊರೆಲ್ಲ ತೆಳುಪರದೆಯ ಹಿಂದೆ ನಿಂತ ಹಾಗಿತ್ತು. ಲೀಲಾಧರ ಹತ್ತಿರದ ಜಿಂಜ್ ಬಡಾವಣೆಯ ಒಂದು ಫ್ಲ್ಯಾಟಿಗೆ ಹಾಲುಬಣ್ಣದ ಬಟ್ಟೆ ಕತ್ತರಿಸುತ್ತಿದ್ದ. ಮೇಜಿನ ಮೇಲೆ ಫೋನು ಮಿಂಚಿತು. ಬಲಗೈ ಕತ್ತರಿ ಬಿಡಲಿಲ್ಲ, ಎಡಗೈ ಫೋನು ಎತ್ತಿತು. ನಗರಸಭೆಯವರು ಕಳಿಸಿದ ನೋಟೀಸಿನ ಫೋಟೊ. ಮನೆಯಲ್ಲಿ ಯಾರೂ ವಾಸವಿಲ್ಲವೆಂದು ತಾವೇ ಬರೆದುಕೊಟ್ಟಿರುವುದರಿಂದ ಸ್ವಂತ ವಾಸದ ಮನೆಗೆ ಕೊಟ್ಟಿದ್ದ ತೆರಿಗೆ ರಿಯಾಯಿತಿಯನ್ನು ಆರು ವರ್ಷದ ಹಿಂದಿನಿಂದಲೇ ರದ್ದು ಮಾಡಲಾಗಿದೆ. ವ್ಯತ್ಯಾಸದ ತೆರಿಗೆ, ಬಡ್ಡಿ, ದಂಡ ಸೇರಿ ನಲವತ್ತೊಂದು ಸಾವಿರದ ಇನ್ನೂರ ಅರವತ್ತು ರೂಪಾಯಿ.

ನೂರ ಎಂಬತ್ತು ದಿನಾರ್! ಬಿಸ್ಕತ್ತಿನ ಡಬ್ಬಿಯನ್ನು ಯಾರೋ ತೆರೆದು ಎಣಿಸಿ ನೋಟೀಸು ಬರೆದ ಹಾಗಿತ್ತು. ಅವನ ಕಣ್ಣಿಗೆ ಕತ್ತಲೆ ಬಂತು. ಕತ್ತರಿಗೆ ಬರಲಿಲ್ಲ, ಅದು ತನ್ನಷ್ಟಕ್ಕೆ ಮುಂದೆ ಹೋಗಿ ಬಟ್ಟೆಯನ್ನು ಒಂದು ಗೇಣು ಗಿಡ್ಡ ಮಾಡಿಬಿಟ್ಟಿತು.

"ಅಯ್ಯೋ ದೇವಾ!" ಎಂದು ಗಲ್ಲೆಯಿಂದ ಕೂಗಿದಳು ಅಪೊಲಿನ್, ಅಂಗಡಿಯವರಿಗೆಲ್ಲ ಅಪೊಲಿನ್ ಬಾಯಿ. ಅಂಗಡಿಯ ಲೆಕ್ಕ, ಗಿರಾಕಿಗಳ ಫೋನು, ಎಲ್ಲರ ಸ್ವಂತ ವಿಷಯ, ಈ ಮೂರೂ ಅವಳ ಸುಪರ್ದಿಯಲ್ಲಿದ್ದವು. "ಎಂತ ಮಾಡಿದ್ರಿ ಲೀಲಾಧರಣ್ಣ? ಮನೆಯಲ್ಲಿ ಎಲ್ಲ ಸೌಖ್ಯವಾ?"

"ಮನೆಯೇ ಸೌಖ್ಯ ಇಲ್ಲ ಬಾಯಿ," ಎಂದ ಲೀಲಾಧರ.

ವ್ಯಾನು ಒರೆಸುತ್ತಿದ್ದ ಹಸೈನಾರ್ ಒದ್ದೆ ಬಟ್ಟೆ ಹಿಡಿದುಕೊಂಡೇ ಒಳಗೆ ಬಂದ. ಪರದೆಗಳನ್ನು ಗಿರಾಕಿಗಳ ಮನೆಗೆ ಒಯ್ದು ಸಿಕ್ಕಿಸುವ ಕೆಲಸ ಅವನದು. ಲೋಕದಲ್ಲಿ ಅವನ ಹತ್ತಿರ ಉಪಾಯ ಇಲ್ಲದ ಕಷ್ಟ ಎಂಬುದು ಇರಲಿಲ್ಲ. ಹೆಚ್ಚಿನ ಕಷ್ಟಗಳು ಆ ಉಪಾಯದಿಂದಲೇ ಶುರುವಾಗುತ್ತಿದ್ದವು.

"ಲೀಲಣ್ಣ, ಸುಲಭ ಉಂಟು. ಊರಿನ ಕ್ಯಾಲೆಂಡರ್ ಹಿಂದೆ ತೂಗಿಸುವ. ನೀವು ಪಂಚೆ ಉಟ್ಟು ಕೂತುಕೊಳ್ಳಿ. ನಾನು ಮನೆಯಲ್ಲೇ ಇದ್ದೇನೆ ಅಂತ ವಿಡಿಯೊ ಮಾಡಿ ಕಳಿಸುವ."

"ಹೊರಗೆ ಬಾಂಗು ಕೇಳಿದ್ರೆ?" ಎಂದಳು ಅಪೊಲಿನ್.

"ನಮ್ಮೂರಲ್ಲೂ ಮಸೀದಿ ಉಂಟಲ್ಲ ಬಾಯಿ!"

"ಸುಳ್ಳು ಬೇಡ ಮಾರಾಯ," ಎಂದು ಲೀಲಾಧರ ನೋಟೀಸಿನ ಕೆಳಗಿದ್ದ ನಂಬರಿಗೆ ಫೋನು ಮಾಡಿದ.

ಎತ್ತಿದವರು ಕಂದಾಯ ಇನ್ಸ್‌ಪೆಕ್ಟರ್ ದೇವಮ್ಮ. ಮೈಸೂರು ಕಡೆಯ ಮಾತು, ಮೇಲೆ ಫ್ಯಾನಿನ ಕಟಕಟ.

"ಮೇಡಂ, ಅದು ನನ್ನದೇ ಮನೆ. ನಾನು ಬಾಡಿಗೆಗೆ ಕೊಡಲಿಲ್ಲ. ನಾನು ಇಲ್ಲಿ ಬಹರೈನಲ್ಲಿ..."

"ಮನೆ ಯಾರ್ದು ಅಂತ ನಾನ್ ಕೇಳಿಲ್ಲ ಸಾರ್. ಯಾರಿದಾರೆ ಅಂತ ಕೇಳಿರೋದು. ಯಾರೂ ಇಲ್ಲ ಅಂತ ನೀವೇ ಬರ್ಕೊಟ್ಟಿದೀರ. ಅಕ್ಷರ ಬೇರೆ ತುಂಬಾ ಚೆನ್ನಾಗಿದೆ, ಓದಕ್ಕಾಗ್ಲಿಲ್ಲ ಅಂತಾನೂ ಹೇಳೋ ಹಾಗಿಲ್ಲ."

"ಮನಸ್ಸೆಲ್ಲ ಅಲ್ಲೇ ಉಂಟು ಮೇಡಂ."

"ಮನಸ್ಸಿಗೆ ನಮ್ಮ ಫಾರಂನಲ್ಲಿ ಜಾಗ ಇಲ್ಲ ಸಾರ್." ಆಮೇಲೆ ಅವರ ದನಿ ಸ್ವಲ್ಪ ಇಳಿಯಿತು. "ನೋಡಿ, ಸಂಜೆ ಐದೂವರೆ ಒಳಗೆ ಅಲ್ಲಿ ವಾಸ ಇರೋದಕ್ಕೆ ಏನಾದ್ರೂ ದಾಖಲೆ ಕಳ್ಸಿ. ಕರೆಂಟು ಬಿಲ್ಲಲ್ಲಿ ಯೂನಿಟ್ ಓಡಿದ್ರೆ ಸಾಕು. ನಾಳೆ ಕಂಪ್ಯೂಟರ್‌ಗೆ ಹತ್ತಿಬಿಟ್ರೆ ನನ್ ಕೈಲೂ ಇಲ್ಲ, ದೇವ್ರ ಕೈಲೂ ಇಲ್ಲ."

ಅಲ್ಲಿಯ ಐದೂವರೆ ಎಂದರೆ ಇಲ್ಲಿಯ ಮೂರು. ಲೀಲಾಧರ ಫೋನು ಕೆಳಗಿಟ್ಟ. ಊರಿನಲ್ಲಿ ಇನ್ನೂರು ಯೂನಿಟ್ ತನಕ ಕರೆಂಟು ಉಚಿತ ಆದಂದಿನಿಂದ ಅವನ ಬಿಲ್ಲು ಸೊನ್ನೆ ಬರುತ್ತಿತ್ತು. ಪ್ರತಿ ತಿಂಗಳೂ ಆ ಸೊನ್ನೆಯನ್ನು ಅವನು ಡೈರಿಯಲ್ಲಿ ಗುಂಡಗೆ ಬರೆದಿಡುತ್ತಿದ್ದ. ಸೊನ್ನೆಯನ್ನು ತೋರಿಸಿ ವಾಸ ಇದ್ದೇನೆ ಎಂದು ಹೇಳುವುದು ಹೇಗೆ?

ಬೇಸರ ಆಯಿತೆಂದು ಕೆಲಸ ನಿಲ್ಲುವುದಿಲ್ಲ. ಗಿಡ್ಡ ಪರದೆಯನ್ನೇ ಅಂಚು ಮಡಿಸಿ ಹೊಲಿದು, ಹಸೈನಾರನ ಜತೆ ವ್ಯಾನು ಹತ್ತಿದ. ಜಿಂಜ್ ದೂರವೇನಲ್ಲ. ಆದರೂ ಆ ದೂಳಿನ ಬೆಳಕಿನಲ್ಲಿ ಕಟ್ಟಡಗಳೆಲ್ಲ ಬುಡವಿಲ್ಲದೆ ತೇಲುತ್ತಿದ್ದವು. ಖರ್ಜೂರದ ಮರವೊಂದು ಬಿಂಬುಳಿ ಮರದ ಹಾಗೆ ಕಂಡು ಹಿಂದಕ್ಕೆ ಸರಿಯಿತು.

ಜಿಂಜ್‌ನ ಫ್ಲ್ಯಾಟಿನಲ್ಲಿದ್ದವರು ಬೆಂಗಳೂರಿನ ದಂಪತಿ. ಗಂಡ ಬಾಲಸುಬ್ರಹ್ಮಣ್ಯ ಯಾವುದೋ ಕಂಪನಿಯ ಆಡಿಟರ್, ಅಂದು ಮನೆಯಿಂದಲೇ ಕೆಲಸ. ಹೆಂಡತಿ ಅಪೇಕ್ಷಾ ಪರದೆ ಮೇಲೇರುವುದನ್ನೇ ನೋಡುತ್ತ ನಿಂತಿದ್ದರು. ಏರಿದ ಪರದೆ ನೆಲದಿಂದ ಒಂದು ಗೇಣು ಮೇಲೆಯೇ ನಿಂತುಬಿಟ್ಟಿತು, ಮಳೆಗಾಲದಲ್ಲಿ ಪಂಚೆ ಎತ್ತಿ ಕಟ್ಟಿದವರ ಹಾಗೆ.

"ಮಾಸ್ಟರ್, ಇದು ನೆಲಕ್ಕೆ ಟಚ್ ಆಗ್ತಿಲ್ಲ ಅಲ್ವಾ?"

"ಮೇಡಂ, ದುಬೈಯಲ್ಲಿ ಈಗ ಇದೇ ನಡೆಯುವುದು," ಎಂದ ಹಸೈನಾರ್. "ಕೆಳಗಿನಿಂದ ಗಾಳಿ ಆಡ್ಬೇಕು. ಆರೋಗ್ಯಕ್ಕೆ ಒಳ್ಳೇದು."

ಏಣಿಯ ಮೇಲಿನಿಂದ ಲೀಲಾಧರ ಹೇಳಿದ, "ಇಲ್ಲ ಮೇಡಂ, ನಾನೇ ತಪ್ಪಿ ಕತ್ತರಿಸಿದ್ದು. ನನ್ನ ಸಂಬಳದಲ್ಲಿ ಹಿಡಿಸಿ ಬೇರೆ ಮಾಡಿ ಕೊಡ್ತೇನೆ."

ಹಸೈನಾರ್ ಹಣೆ ಹಣೆ ಬಡಿದುಕೊಂಡ. ಅಪೇಕ್ಷಾ ಯಾಕೆ ಏನು ಎಂದು ಕೇಳಿದರು. ಕೇಳಿದರೆ ಹೇಳದೆ ಇರುವ ಅಭ್ಯಾಸ ಲೀಲಾಧರನಿಗಿರಲಿಲ್ಲ. ನೋಟೀಸಿನಿಂದ ಸೊನ್ನೆಯ ತನಕ ಎಲ್ಲ ಹೇಳಿದ. ರಿಯಾಯಿತಿ, ದಂಡ ಎಂಬ ಮಾತು ಕಿವಿಗೆ ಬಿದ್ದದ್ದೇ ಒಳಕೋಣೆಯಿಂದ ಬಾಲಸುಬ್ರಹ್ಮಣ್ಯ ಲ್ಯಾಪ್‌ಟಾಪ್ ಹಿಡಿದುಕೊಂಡು, ಮದುವೆಯೂಟದ ಎಲೆಗೆ ಓಡುವವರ ಹಾಗೆ ಬಂದರು.

"ಮಾಸ್ಟರ್, ಬಿಲ್ ಝೀರೋ ಅಂದ್ರೆ ಯೂಸೇಜ್ ಝೀರೋ ಅಂತ ಅಲ್ಲ. ಬೇಸಿಕ್ ಮಿಸ್ಟೇಕ್! ನಿಮ್ಮ ಮೀಟರ್ ಅಕೌಂಟ್ ನಂಬರ್ ಗೊತ್ತಾ?"

ಲೀಲಾಧರನಿಗೆ ಅದು ಬಾಯಿಪಾಠ. ಹೇಳಿದ. ಒಟಿಪಿ ಬಂತು, ಅದನ್ನೂ ಹೇಳಿದ. ಲ್ಯಾಪ್‌ಟಾಪಿನ ಪರದೆಯ ಮೇಲೆ ಆರು ವರ್ಷದ ಲೆಕ್ಕ ಸಾಲಾಗಿ ಇಳಿಯಿತು. ಬಾಲಸುಬ್ರಹ್ಮಣ್ಯ ಕನ್ನಡಕ ಸರಿ ಮಾಡಿಕೊಂಡರು.

"ಎಂಬತ್ತನಾಲ್ಕು ಯೂನಿಟ್. ತೊಂಬತ್ತೊಂದು. ಎಂಬತ್ತೆಂಟು. ಏಪ್ರಿಲ್, ಮೇನಲ್ಲಿ ನೂರ ಮೂವತ್ತು, ನ್ಯಾಚುರಲಿ, ಸೆಕೆ. ಸೂಪರ್ ಮಾಸ್ಟರ್! ಪರ್ಫೆಕ್ಟ್ ಫ್ಯಾಮಿಲಿ ಯೂಸೇಜ್!"

"ಸಿಕ್ಕಿತು ಪ್ರೂಫ್!" ಎಂದು ಹಸೈನಾರ್ ಕುಣಿದು ಏಣಿಯನ್ನೇ ತಬ್ಬಿಕೊಂಡ. ಏಣಿ ಅಲ್ಲಾಡಿತು, ಮೇಲಿದ್ದ ಲೀಲಾಧರ ಪರದೆ ಹಿಡಿದ, ಪರದೆ ಕೊಕ್ಕೆ ಸಹಿತ ಕಳಚಿ ಅವನ ತಲೆಯ ಮೇಲೆ ಬಿತ್ತು. ಆ ಹಾಲುಬಣ್ಣದ ಬಟ್ಟೆಯ ಒಳಗಿನಿಂದ, ಮದುಮಗಳ ಹಾಗೆ ಮುಸುಕು ಹಾಕಿಕೊಂಡೇ, ಅವನು ಮೆಲ್ಲಗೆ ಕೇಳಿದ:

"ಯಾರು ಉರಿಸಿದ್ದು ಸಾರ್?"

ಬಾಲಸುಬ್ರಹ್ಮಣ್ಯ ಪಟ್ಟಿಯನ್ನು ಮತ್ತೆ ಮೇಲಿನಿಂದ ನೋಡತೊಡಗಿದರು. ಏಸಿ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು.

"ಉಚಿತ ಆಗುವ ಮೊದಲು ಬಿಲ್ ಬರ್ತಿತ್ತಲ್ಲ? ನೋಡಿಲ್ವಾ ನೀವು?" ಎಂದರು ಬಾಲಸುಬ್ರಹ್ಮಣ್ಯ.

"ಬ್ಯಾಂಕಿನಿಂದ ಅದರಷ್ಟಕ್ಕೆ ಕಟ್ ಆಗ್ತಿತ್ತು. ಅದು ಮಿನಿಮಮ್ ಚಾರ್ಜ್ ಅಂತ ಗ್ರಹಿಸಿದ್ದೆ. ಸರ್ಕಾರ ಮಿನಿಮಮ್ ಎಷ್ಟು ಏರಿಸ್ತದೆ ಅಂತ ಬೈದಿದ್ದೆ ಕೂಡ." ಅವನು ಮುಸುಕು ಸರಿಸಿ ಪಟ್ಟಿಯಲ್ಲಿ ಬೆರಳಿಟ್ಟ. "ಇದು ಎಂತ, ಕಳೆದ ಜುಲೈ? ಬರೀ ಹತ್ತೊಂಬತ್ತು ಯೂನಿಟ್. ಆ ತಿಂಗಳು ನಾವಿಬ್ಬರೂ ಅಲ್ಲೇ ಇದ್ದೆವು ಸಾರ್!"

"ನೀವು ಬಂದ್ರಿ ಅಂತ ಅವರು ರಜೆ ಹಾಕಿರಬೇಕು," ಎಂದರು ಅಪೇಕ್ಷಾ. ತಮಾಷೆಗೆ ಹೇಳಿದ್ದು, ಆದರೆ ಹೇಳಿದ ಮೇಲೆ ಅವರಿಗೇ ಮೈ ಜುಮ್ಮೆಂದಿತು.

ಮನೆಯ ಕೀಲಿಕೈ ಇದ್ದದ್ದು ಜಯಶೀಲಾಳ ತಮ್ಮ ತಿಲಕ್‌ನ ಹತ್ತಿರ. ಎರಡು ಗಂಟೆ ದಾರಿಯ ಇನ್ನೊಂದು ಊರಿನಲ್ಲಿದ್ದ. ತಿಂಗಳಿಗೊಮ್ಮೆ ಹೋಗಿ ಗುಡಿಸಿ ಒರೆಸಿ ಬರುವುದಕ್ಕೆ ಲೀಲಾಧರ ಅವನಿಗೆ ಸಾವಿರ ರೂಪಾಯಿ ಕಳಿಸುತ್ತಿದ್ದ. ಫೋನು ಹೋಯಿತು.

"ತಿಲಕ್, ಮನೆಗೆ ಯಾವಾಗ ಹೋಗಿದ್ದೆ?"

"ಎಂತ ಭಾವ, ಎಂತ ಆಯ್ತು?"

"ಆದದ್ದು ಎಂತದೂ ಇಲ್ಲ. ಹೋದದ್ದು ಯಾವಾಗ?"

"ಭಾವ, ಬೈಯಬಾರದು. ನಾನು ಹೋಗದೆ ಎರಡು ವರ್ಷ ಆಯ್ತು. ಮೊದಲು ಹೋಗ್ತಿದ್ದೆ. ಹೋದಾಗೆಲ್ಲ ಮನೆ ಗುಡಿಸಿಯೇ ಇರ್ತಿತ್ತು. ಬಾವಿಯ ಹಗ್ಗ ಹೊಸತು. ತುಳಸಿಗೆ ನೀರು ಹಾಕಿ ಆಗಿರ್ತಿತ್ತು. ನೀವು ಬೇರೆ ಯಾರನ್ನೋ ಹೆಣ್ಣಾಳು ಇಟ್ಟಿದ್ದೀರಿ, ನನ್ನ ಮೇಲೆ ವಿಶ್ವಾಸ ಇಲ್ಲ ಅಂತ ಗ್ರಹಿಸಿ ಬೇಜಾರಾಯ್ತು. ಮತ್ತೆ ಹೋಗ್ಲಿಲ್ಲ."

"ಬೇಜಾರಾದ್ರೂ ಸಾವಿರ ರೂಪಾಯಿ ತಕೊಂಡೆಯಲ್ಲ?"

"ಅದು ಬೇಜಾರಿಗೆ ಅಂತ ಇಟ್ಟುಕೊಂಡೆ ಭಾವ."

ಲೀಲಾಧರ ಏಣಿಯ ಕೆಳಗಿನ ಮೆಟ್ಟಿಲಿನಲ್ಲಿ ಕುಳಿತುಬಿಟ್ಟ. ಮನೆ ಅಷ್ಟು ಚೊಕ್ಕಟ ಇದೆ ಎಂದು ಪ್ರತಿ ರಜೆಯಲ್ಲೂ ತಿಲಕ್‌ನನ್ನು ಹೊಗಳಿ, ಅವನಿಗೆ ಸೆಂಟು, ಬಾದಾಮಿ ಎಲ್ಲ ಕೊಟ್ಟು ಬಂದಿದ್ದ.

ಸಿಟ್ಟು ಬರಬೇಕಿತ್ತು, ಹೆದರಿಕೆಯಾದರೂ ಆಗಬೇಕಿತ್ತು. ಎರಡೂ ಬರಲಿಲ್ಲ. ಕಿಟಕಿಯಲ್ಲಿ ದೂಳಿನ ಬೆಳಕು ಹಾಲಿನ ಹಾಗೆ ನಿಂತಿತ್ತು. ಅದನ್ನು ನೋಡುತ್ತ ಅವನ ಕಣ್ಣು ಅರ್ಧ ಮುಚ್ಚಿಹೋಯಿತು. ಯಾರೋ ಒಬ್ಬ ಪಂಚೆ ಉಟ್ಟವನು ಅವನ ಮನೆಯಲ್ಲಿ ನಡೆದಾಡುತ್ತಿದ್ದ. ಬೆನ್ನು ಮಾತ್ರ ಕಾಣುತ್ತಿತ್ತು. ಮೊದಲನೆಯ ಕಿಟಕಿ ತೆರೆದ, ಎರಡನೆಯದು ತೆರೆದ, ಮೂರನೆಯದೂ ಆಯಿತು. ಅವನನ್ನು ಮಾಸ್ಟರ್ ಎಂದು ಕರೆಯುವವರು ಯಾರೂ ಇರಲಿಲ್ಲ. ನಾಲ್ಕು, ಐದು, ಆರು... ಹನ್ನೊಂದನೆಯದನ್ನೂ ತೆರೆದು ಕಟ್ಟೆಯ ಮೇಲೆ ಕೂತು ಕಾಲು ನೀಡಿದ. ಆ ದಿನ ವಿಮಾನ ಹತ್ತದೆ ಉಳಿದಿದ್ದರೆ ತಾನೂ ಹೀಗೆ ಕೂತಿರುತ್ತಿದ್ದೆ ಎಂದು ಲೀಲಾಧರನಿಗೆ ಅನಿಸಿತು. ಅಸೂಯೆಯಾಯಿತು. ಆಮೇಲೆ, ಪಂಪು ಚಾಲು ಮಾಡಿದವನು ಆಫ್ ಮಾಡಿದನೋ ಇಲ್ಲವೋ ಎಂಬ ಚಿಂತೆಯೂ ಆಯಿತು.

"ಲೀಲಣ್ಣ! ಒಂದು ಗಂಟೆ ಆಯ್ತು!" ಎಂದು ಹಸೈನಾರ್ ಭುಜ ಅಲುಗಾಡಿಸಿದ. "ಬಿಲ್ಲು ಕಳಿಸಿ. ಯಾರು ಉರಿಸಿದ್ದು ಅಂತ ಅದರಲ್ಲಿ ಬರೆದಿಲ್ಲ. ಮೊದಲು ತೆರಿಗೆ ಉಳಿಯಲಿ, ಆಮೇಲೆ ಕಳ್ಳನನ್ನು ಹಿಡಿಯುವ."

ಲೀಲಾಧರ ಆರು ವರ್ಷದ ಪಟ್ಟಿಯನ್ನು ದೇವಮ್ಮನವರ ನಂಬರಿಗೆ ಹಾಕಿ, ಕೆಳಗೆ ಬರೆಯತೊಡಗಿದ: "ಮಾನ್ಯರೇ, ಸದರಿ ಮನೆಯಲ್ಲಿ ಕರೆಂಟು ಖರ್ಚಾಗಿರುವುದು ನಿಜ. ಆದರೆ ಅದನ್ನು ಖರ್ಚು ಮಾಡಿದವರು ಯಾರೆಂದು ಸತ್ಯವಾಗಿಯೂ ನನಗೆ..." ಅಷ್ಟರಲ್ಲಿ ಹಸೈನಾರನ ಹೆಬ್ಬೆರಳು ಬಂದು ಎರಡನೆಯ ಸಾಲನ್ನು ಅಳಿಸಿ, ಒಂದನೆಯ ಸಾಲನ್ನು ಕಳಿಸಿಬಿಟ್ಟಿತು.

ಎರಡು ನಿಮಿಷದಲ್ಲಿ ಉತ್ತರ ಬಂತು. "ಓಕೆ ಸಾರ್. ಐದು ಗಂಟೆಗೆ ಆ ಕಡೆ ಬರ್ತೀನಿ, ಸ್ಥಳ ನೋಡಿ ಮುಗಿಸಿಬಿಡ್ತೀನಿ. ಮನೇಲಿರಿ."

"ಮನೇಲಿರಿ" ಎಂಬ ಆ ಒಂದು ಮಾತನ್ನು ಲೀಲಾಧರ ಮೂರು ಸಲ ಓದಿದ. ಇಪ್ಪತ್ತನಾಲ್ಕು ವರ್ಷದಲ್ಲಿ ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲ. ತಕ್ಷಣ ಫೋನು ಮಾಡಿದ. ದೇವಮ್ಮ ಎತ್ತಲಿಲ್ಲ. ಮತ್ತೆ ಮಾಡಿದ. ಆರು ಸಲ ಮಾಡಿದ ಮೇಲೆ ಸ್ವಿಚ್ ಆಫ್ ಎಂದಿತು. ಅಲ್ಲಿಯ ಐದು ಗಂಟೆ ಎಂದರೆ ಇಲ್ಲಿಯ ಎರಡೂವರೆ. ತಿಲಕ್ ಎಷ್ಟು ಹಾರಿ ಬಂದರೂ ತಲುಪುವಂತಿರಲಿಲ್ಲ. ಹಾರುವ ಪೈಕಿಯೂ ಅವನಲ್ಲ.

ಮಧ್ಯಾಹ್ನ ಅಂಗಡಿಗೆ ಬಿಡುವು. ಎಲ್ಲರೂ ಲೀಲಾಧರನ ಸೆಗಯಾದ ಒಂದು ಕೋಣೆಯ ಮನೆಯಲ್ಲಿ ಸೇರಿದರು. ಅಪೊಲಿನ್ ಊಟದ ಡಬ್ಬಿ ಸಹಿತ ಬಂದಿದ್ದಳು, ಇಂಥದ್ದನ್ನು ಹಸಿದ ಹೊಟ್ಟೆಯಲ್ಲಿ ನೋಡಲಾಗದು ಎಂದು. ಶಿಶುವಿಹಾರವೊಂದರ ಅಡುಗೆಮನೆಯಲ್ಲಿ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಜಯಶೀಲಾ ನಿಂತುಕೊಂಡೇ ಎಲ್ಲ ಕೇಳಿದಳು.

"ಅಟ್ಟದಲ್ಲಿ ನನ್ನ ಸ್ಟೀಲಿನ ಪಾತ್ರೆ ಉಂಟಲ್ಲ? ಹಂಡೆ ಉಂಟಲ್ಲ?" ಎಂಬುದು ಅವಳ ಮೊದಲ ಪ್ರಶ್ನೆ.

"ಜುಲೈಯಲ್ಲಿ ನೀನೇ ಎಣಿಸಿದ್ದೆಯಲ್ಲ. ಎಲ್ಲ ಇತ್ತು."

"ಒಂದು ಲೋಟ ಹೆಚ್ಚೇ ಇತ್ತು," ಎಂದಳು ಜಯಶೀಲಾ ಯೋಚಿಸುತ್ತ. "ನಾನು ಎಣಿಸಿದ್ದು ತಪ್ಪಿತು ಅಂತ ಸುಮ್ಮನಾದೆ." ಮತ್ತೆ ಗಂಡನ ಕಡೆ ತಿರುಗಿದಳು. "ಐವತ್ತು ರೂಪಾಯಿ ಕಸದ ದುಡ್ಡು ಬಾಯಿ ಮುಚ್ಚಿ ಕಟ್ಟಲಿಕ್ಕೆ ಆಗ್ಲಿಲ್ಲವಾ ನಿಮಗೆ? ನಿಮ್ಮದೊಂದು ನ್ಯಾಯ, ನಿಮ್ಮದೊಂದು ಅಕ್ಷರ! ಬೀಗ ಕಂಡು ಆ ಮೇಡಮ್ಮು ಹಿಂದೆ ಹೋದ್ರೆ ಮುಗಿಯಿತು. ಈ ದೀಪಾವಳಿಯೂ ಇಲ್ಲೇ."

ಎರಡೂವರೆ ಆಯಿತು. ಫೋನನ್ನು ಮೇಜಿನ ನಡುವೆ ಇಟ್ಟು ನಾಲ್ವರೂ ಸುತ್ತ ಕೂತರು, ಅದು ಈಗ ಮೊಟ್ಟೆ ಇಡುತ್ತದೆ ಎಂಬ ಹಾಗೆ. ಆ ಹೊತ್ತಿಗೆ ಅಲ್ಲಿ ಸ್ಕೂಟರು ನಿಂತಿರುತ್ತದೆ. ಗೇಟಿನ ಚಿಲಕ ಕಿರ್ ಎಂದಿರುತ್ತದೆ. ಲೀಲಾಧರನ ಕಿವಿಗೆ ಅದು ಕೇಳಿಸಿಯೂ ಬಿಟ್ಟಿತು. ಅವನು ಕುರ್ಚಿಯಿಂದ ಅರ್ಧ ಎದ್ದು, "ಜಯಾ, ಬಂದವರಿಗೆ ಚಹಾ ಇಡು," ಎಂದ.

"ಯಾರು ಬಂದರು?"

"ಅಲ್ಲ... ನಮಗೇ."

ಜಯಶೀಲಾ ಶುಂಠಿ ಜಜ್ಜಿ ಚಹಾ ಮಾಡಿದಳು. ಸೋಸಿ ಸುರಿದಾಗ ಒಂದು ಕಪ್ಪು ಹೆಚ್ಚಾಯಿತು. ಅದು ಯಾರದ್ದೆಂದು ಯಾರೂ ಕೇಳಲಿಲ್ಲ, ಯಾರೂ ಮುಟ್ಟಲೂ ಇಲ್ಲ. ಹಬೆ ಮಾತ್ರ ಮೇಲೇಳುತ್ತಿತ್ತು.

ಮೂರೂ ಹತ್ತಕ್ಕೆ ಫೋನು ಮಿಂಚಿತು. ದೇವಮ್ಮನವರ ದನಿಯ ಸಂದೇಶ. ಹಸೈನಾರ್ ಒತ್ತಿದ.

"ಸಾರ್, ಆಫೀಸಿಗೆ ಬಂದೆ. ನಿಮ್ಮ ಫೈಲ್ ಮುಗಿಸಿದೀನಿ. ಸ್ವಂತ ವಾಸ ಅಂತಾನೇ ಬರ್ದಿದೀನಿ, ರಿಯಾಯಿತಿ ವಾಪಸ್ ಬಂತು. ಆ ನಲವತ್ತೊಂದು ಸಾವಿರದ ನೋಟೀಸು ಹರಿದು ಹಾಕ್ಬಿಡಿ."

ಹಸೈನಾರ್ "ಮಾಶಾ ಅಲ್ಲಾ" ಎಂದು ಜಿಗಿದ. ಅಪೊಲಿನ್ ಶಿಲುಬೆಯ ಗುರುತು ಮಾಡಿಕೊಂಡಳು. ಸಂದೇಶ ಇನ್ನೂ ಮುಗಿದಿರಲಿಲ್ಲ.

"ಟೀ ತುಂಬಾ ಚೆನ್ನಾಗಿತ್ತು ಸಾರ್, ಶುಂಠಿ ಘಮ ಇನ್ನೂ ಇದೆ. ಆದ್ರೆ ಒಂದ್ ಮಾತು. ಅಲ್ಲಿ ಮುಖ ನೋಡ್ಕೊಂಡು ಹೇಳಕ್ಕೆ ಸಂಕೋಚ ಆಯ್ತು, ಅದಕ್ಕೇ ಹೀಗೆ ಹೇಳ್ತಿದೀನಿ. ಬೆಳಗ್ಗೆ ಫೋನಲ್ಲಿ ಬಹರೈನ್ ಬಹರೈನ್ ಅಂತಿದ್ರಿ. ಐದು ಗಂಟೆಗೆ ಬಾಗ್ಲು ತೆಗೆದೋರು ನೀವೇ. ಫೈಲಲ್ಲಿರೋ ಫೋಟೊಗಿಂತ ಸ್ವಲ್ಪ ಇಳ್ದಿದೀರ, ಅಷ್ಟೇ. ಐವತ್ತು ರೂಪಾಯಿ ಕಸದ ದುಡ್ಡು ಉಳ್ಸಕ್ಕೆ ಬಹರೈನ್‌ಗೆಲ್ಲ ಹೋಗ್ಬಾರದು ಸಾರ್, ಈ ವಯಸ್ಸಲ್ಲಿ. ಮನೆಯಲ್ಲೇ ಇದ್ದು ಇಲ್ಲ ಅಂತ ಬರ್ಕೊಟ್ಟಿದೀರ. ಹಾಗಾಗಿ ಆರು ವರ್ಷದ ಕಸದ ಶುಲ್ಕ, ನೀರಿನ ಬಾಕಿ, ಸುಳ್ಳು ಅರ್ಜಿಗೆ ದಂಡ, ಎಲ್ಲಾ ಸೇರಿ ನಲವತ್ತೊಂದು ಸಾವಿರದ ಏಳುನೂರ ಅರವತ್ತು. ಸೋಮವಾರ ಕಟ್ತೀನಿ ಅಂತ ಮರುಮಾತಿಲ್ದೆ ಸೈನ್ ಹಾಕಿದ್ರಲ್ಲ, ಅದು ದೊಡ್ಡತನ. ಥ್ಯಾಂಕ್ಸ್ ಸಾರ್."

ಹಿಂದೆಯೇ ಎರಡು ಫೋಟೊ ಬಂದವು. ಮೊದಲನೆಯದು ಸಹಿ ಹಾಕಿದ ಕಾಗದ. ಕನ್ನಡದಲ್ಲಿ "ಲೀಲಾಧರ" ಎಂದು, ಕೊನೆಯ ಅಕ್ಷರಕ್ಕೆ ಒಂದು ಬಾಲ. ಬಹರೈನಿನ ಬ್ಯಾಂಕಿನವರು ಇಂಗ್ಲಿಷಿನಲ್ಲಿ ಸಹಿ ಮಾಡಿಸಿದಂದಿನಿಂದ ಅವನು ಬಿಟ್ಟೇಬಿಟ್ಟಿದ್ದ ಹಳೆಯ ಸಹಿ. ಎರಡನೆಯದು ಮನೆಯ ಮುಂಭಾಗ. ಕಿಟಕಿಗಳು ತೆರೆದಿದ್ದವು. ಪರದೆಗಳಿದ್ದವು.

"ನನ್ನ ಹಸಿರು ಬಟ್ಟೆ!" ಎಂದು ಜಯಶೀಲಾ ಕಿರುಚಿದಳು. "ಊರಿಗೆ ಹೋದ ಮೇಲೆ ಹೊಲಿಯುವ ಅಂತ ಅಟ್ಟದಲ್ಲಿ ಇಟ್ಟದ್ದು!"

ಲೀಲಾಧರ ಫೋಟೊವನ್ನು ಎರಡು ಬೆರಳಿನಿಂದ ಹಿಗ್ಗಿಸಿ ತುಂಬ ಹೊತ್ತು ನೋಡಿದ. ನಿರಿಗೆ ಸಮ, ಅಂಚು ನೇರ, ಉದ್ದ ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ.

"ಹೊಲಿಗೆ ಚೆನ್ನಾಗಿ ಉಂಟು," ಎಂದ.

"ಹೊಲಿಗೆ ನೋಡುವ ಸಮಯವಾ ಇದು!" ಹಸೈನಾರ್ ಎದ್ದು ನಿಂತ. "ಈಗಲೇ ವಿಡಿಯೊ ಕಾಲ್ ಮಾಡಿ. ಅಲ್ಲಿದ್ದದ್ದು ನಾನಲ್ಲ, ನಾನು ಬಹರೈನಲ್ಲೇ ಇದ್ದೇನೆ ಅಂತ ಇಲ್ಲಿಯ ಗುರುತಿನ ಸಿಪಿಆರ್ ಕಾರ್ಡ್ ತೋರಿಸಿ!"

"ಹೇಳಿದ್ರೆ ರಿಯಾಯಿತಿ ಹೋಯ್ತು," ಎಂದಳು ಅಪೊಲಿನ್.

"ಹೇಳದಿದ್ರೆ ನಾನು ಹೋದೆ," ಎಂದ ಲೀಲಾಧರ.

ಅಪೊಲಿನ್ ಬೆರಳು ಮಡಿಸಿ ಲೆಕ್ಕ ಹಾಕಿದಳು. ಮೊದಲಿನದಕ್ಕಿಂತ ಐನೂರು ರೂಪಾಯಿ ಹೆಚ್ಚು. ಗಿಡ್ಡ ಪರದೆಯ ಬಟ್ಟೆಯ ಖರ್ಚು ಬೇರೆ. ಬಿಸ್ಕತ್ತಿನ ಡಬ್ಬಿಯನ್ನು ಜಯಶೀಲಾ ತಾನೇ ತಂದು ಮೇಜಿನ ಮೇಲಿಟ್ಟಳು. ಮುಚ್ಚಳ ತೆಗೆಯುವ ಮೊದಲು ಒಂದು ಕ್ಷಣ ಅದರ ಮೇಲೆ ಕೈ ಇಟ್ಟುಕೊಂಡಳು.

"ಎರಡನೆಯದನ್ನೇ ಕಟ್ಟುವ," ಎಂದಳು. "ಒಂದನೆಯದು ಕಟ್ಟಿದ್ರೆ ಮನೆಯಲ್ಲಿ ಯಾರೂ ಇಲ್ಲ ಅಂತ ಆಗ್ತದೆ. ಇದರಲ್ಲಿ ಒಬ್ಬರಾದರೂ ಇದ್ದ ಹಾಗೆ."

ಲೀಲಾಧರ ಫೋನು ತೆಗೆದುಕೊಂಡು ನಿಧಾನಕ್ಕೆ ಬರೆದ: "ಮಾನ್ಯರೇ, ಸೋಮವಾರ ಕಟ್ಟುತ್ತೇನೆ. ತಪ್ಪಾಯಿತು." ಬೆರಳು ಒಂದು ಸಲ ತಡೆಯಿತು. ಮತ್ತೆ ಒಂದು ಸಾಲು ಸೇರಿಸಿದ: "ಚಹಾಕ್ಕೆ ಸಕ್ಕರೆ ಸರಿ ಇತ್ತೇ?"

ಸರಿ ಇತ್ತೆಂದು ಉತ್ತರ ಬಂತು.

ಮರುದಿನ ತಿಲಕ್ ಹೆದರಿ ಹೆದರಿ ಆ ಮನೆಗೆ ಹೋದ. ಬೀಗ ಹಾಕಿದ ಹಾಗೆಯೇ ಇತ್ತು, ತೆರೆಯಲು ಎಣ್ಣೆ ಬಿಡಬೇಕಾಯಿತು. ಒಳಗೆ ಗುಡಿಸಿತ್ತು. ಪಾತ್ರೆ ಒಂದೂ ಹೋಗಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಕಪ್ಪು ತೊಳೆದು ಬೋರಲು ಹಾಕಿತ್ತು. ಲೀಲಾಧರ ದೀಪಾವಳಿಗೆ ಹೋಗಲಿಲ್ಲ. ಈಗಲೂ ಸೆಗಯಾದಲ್ಲೇ ಇದ್ದಾನೆ, ಮತ್ತೆ ಡಬ್ಬಿ ತುಂಬಿಸುತ್ತಿದ್ದಾನೆ.

ಆ ದಿನ ಬಾಗಿಲು ತೆರೆದವರು ಯಾರು, ಅವರಿಗೆ ಕೀಲಿಕೈ ಎಲ್ಲಿಯದು, ಸಹಿ ಯಾರು ಕಲಿಸಿದರು, ನನಗೆ ಗೊತ್ತಿಲ್ಲ. ವಿಚಾರಿಸಿದೆ, ಯಾರಿಗೂ ಗೊತ್ತಿಲ್ಲ. ಮುಂದಿನ ತಿಂಗಳ ಬಿಲ್ಲೂ ಸೊನ್ನೆಯೇ ಬಂತು, ಯೂನಿಟ್ ಎಂಬತ್ತೇಳು. ಗೊತ್ತಿರುವುದು ಇಷ್ಟೇ.